ಕಂಡವರ ಮಾತು

"ಇದು ನನ್ನ ಮಾತೆಲ್ಲಾ ಹಿಡಕೋತೈತೇನವಾ?" ಎಂದು ಕೇಳುತ್ತ ಸಾವಂತ್ರವ್ವ ಮುಂದಕ್ಕೆ ಬಾಗಿ, ಬೋರಲು ಹಾಕಿದ ಕೊಡದ ಮೇಲಿದ್ದ ಮೊಬೈಲನ್ನು ಕೂಸಿನ ಮುಖ ನೋಡುವಂತೆ ನೋಡಿದಳು.

"ಎಲ್ಲಾ ಹಿಡಕೋತೈತ್ರಿ ಅಮ್ಮಾ. ನಿಮಗ ಹೆಂಗ ನೆನಪೈತಿ ಹಂಗ ಹೇಳ್ರಿ. ಗಡಿಬಿಡಿ ಏನಿಲ್ಲ," ಎಂದಳು ಸುವರ್ಣಾ.

"ನೆನಪಿರದ ಏನಾಗೇತಿ! ಮುಂಜಾನಿ ಉಂಡದ್ದು ಮರೀತೇನಿ, ಅದನ್ನ ಮರಿಯಂಗಿಲ್ಲ. ಸಾಯೂತನಾ ಮರಿಯಂಗಿಲ್ಲ."

ಆ ಮಾತು ಕೇಳಿ ಸುವರ್ಣಾಳ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಇಳಿದು, ಆ ದಿನ ಹೊಳೆಯಿಂದ ಬದುಕಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಅವಳು ಹುಡುಕಿದ್ದಳು. ಬಾಗೇವಾಡಿಯಲ್ಲಿದ್ದಾಕೆ ಇವಳು ಹೋಗುವ ಹೊತ್ತಿಗೆ ಸತ್ತು ವರ್ಷವಾಗಿತ್ತು. ಮುದ್ದೇಬಿಹಾಳದಾಕೆಗೆ ಹೆತ್ತ ಮಗನ ಗುರುತೇ ಹತ್ತುತ್ತಿರಲಿಲ್ಲ. ಕೊನೆಗೆ ಉಳಿದವಳು ಕನ್ನೊಳ್ಳಿಯ ಮಗನ ಮನೆಯಲ್ಲಿದ್ದ ಈ ಸಾವಂತ್ರವ್ವ ಒಬ್ಬಳೇ. ಎಪ್ಪತ್ತು ದಾಟಿದ್ದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಸುವರ್ಣಾ ಸಿಂದಗಿಯ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಹೆಸರಿಗೆ ಮಾತ್ರ. ಆ ಕಾಲೇಜಿನಲ್ಲೇ ಅವಳ ತಲೆ ನರೆಯತೊಡಗಿತ್ತು. ಪ್ರತಿವರ್ಷ ಬಿ.ಎ. ಮೊದಲ ವರ್ಷದವರಿಗೆ ಅವಳ ಮೊದಲ ಪಾಠ ಒಂದೇ. ಕಣ್ಣಾರೆ ಕಂಡವರು ಹೇಳಿದ್ದು, ಆ ಕಾಲದಲ್ಲೇ ಹುಟ್ಟಿದ್ದು ಪ್ರಾಥಮಿಕ ಆಕರ. ಅದನ್ನು ಕೇಳಿ, ಓದಿ, ಆಮೇಲೆ ಯಾರೋ ಕಟ್ಟಿದ್ದು ದ್ವಿತೀಯಕ ಆಕರ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಿಂದುಮುಂದು ಮಾಡಿ ಬರೆಯುತ್ತಿದ್ದರು. ಅವರಿಗೆ ಅದು ಅಂಕದ ಪ್ರಶ್ನೆ. ಅವಳಿಗೆ ಮನೆಯ ಸಂಕಟ.

ಅವಳ ಅಜ್ಜ ಅಂಬಿಗರ ರೇವಣಪ್ಪ ಭೀಮಾ ದಂಡೆಯ ಗಡ್ಡಿವಾಡದಲ್ಲಿ ನಾವೆ ನಡೆಸುತ್ತಿದ್ದವನು. ಅರವತ್ತರ ದಶಕದ ಒಂದು ನಾಗರ ಪಂಚಮಿಗೆ, ತವರಿಗೆ ಹೊರಟ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋದ ಅವನ ನಾವೆ ತುಂಬಿದ ಹೊಳೆಯ ನಡುವೆ ಮಗುಚಿತು. ಹೆಚ್ಚಿನವರು ಹೋದರು, ಕೆಲವರು ಉಳಿದರು, ರೇವಣಪ್ಪನ ಹೆಣ ಸಿಗಲಿಲ್ಲ. ಇಷ್ಟು ಎಲ್ಲರೂ ಒಪ್ಪುವ ಸಂಗತಿ. ಸ್ವಲ್ಪ ವರ್ಷಗಳ ಮೇಲೆ ಅದೇ ಊರಿನ ರಾವಸಾಬ ಮಾಸ್ತರ ಇದನ್ನು ನಾಟಕ ಮಾಡಿ ಬರೆದ: 'ಹೊಳೆ ನುಂಗಿದ ಹಸಿರು ಬಳೆ, ಅರ್ಥಾತ್ ಕುಡುಕ ಅಂಬಿಗ'. ಆ ದಿನ ಮಾಸ್ತರ ಊರಲ್ಲೇ ಇರಲಿಲ್ಲ. ನಾಟಕಕ್ಕೆ ಒಬ್ಬ ಖಳ ಬೇಕಿತ್ತು, ಒಬ್ಬ ನಗಿಸುವವನೂ ಬೇಕಿತ್ತು. ಎದುರಾಡಲು ಬದುಕಿಲ್ಲದ ಅಂಬಿಗನೊಬ್ಬನೇ ಎರಡಕ್ಕೂ ಸಾಕಾದ. ಸೆರೆ ಕುಡಿದು ತೂರಾಡುತ್ತ ನಾವೆ ಮುಳುಗಿಸಿ, ಹೆಣ್ಣುಮಕ್ಕಳು ಬಾಯಿ ಬಡಿದುಕೊಳ್ಳುತ್ತಿದ್ದರೆ ತಾನೊಬ್ಬನೇ ಈಜಿ ದಂಡೆ ಹತ್ತಿ ಓಡಿಹೋಗುವ ಪಾತ್ರ ಅವನದು. ಮುಳುಗುವವರನ್ನು ಉಳಿಸಲು ಹೊಳೆಗೆ ಹಾರುವವನು ಗೌಡರ ಮಗ, ಅದೂ ಕೊರಳಲ್ಲಿ ಬಂಗಾರದ ಗೋಪು ಹಾಕಿಕೊಂಡು. ನಾಟಕ ಹುಚ್ಚೆದ್ದು ಓಡಿತು. ಪಂಚಮಿ ಬಂತೆಂದರೆ ಹೊಳೆಸಾಲಿನ ಊರುಗಳಲ್ಲಿ ಇವತ್ತಿಗೂ ಅದೇ ನಾಟಕ. ಈಗ ಯೂಟ್ಯೂಬಿನಲ್ಲೂ ಇದೆ. ಸುವರ್ಣಾ ಅದನ್ನು ನೋಡಿ ನೋಡಿ ಹಲ್ಲು ಕಚ್ಚಿದ್ದಾಳೆ.

ರೇವಣಪ್ಪನ ಹೆಂಡತಿ ತಿಪ್ಪವ್ವ ಆ ಪಂಚಮಿಗೆ ಕೂಸನ್ನು ಎತ್ತಿಕೊಂಡು ತನ್ನ ತವರಿಗೆ ಹೋಗಿದ್ದಳು. ತಿರುಗಿ ಬಂದಾಗ ಗಂಡನಿಲ್ಲ. ಸತ್ತನೆಂದು ಅಳಲು ಕುಳಿತರೆ ಊರು ನಕ್ಕಿತು, ಓಡಿಹೋದವನು ಸಾಯುವುದು ಹೇಗೆ ಎಂದು. ಬಳೆ ಒಡೆಯಲು ಬಿಡಲಿಲ್ಲ. ಸತ್ತವರ ದಿನ ಮಾಡಿಸಲು ಅಯ್ಯನವರು ಬರಲಿಲ್ಲ. ಮಗ ಕಾಂತಪ್ಪನನ್ನು ಕರೆದುಕೊಂಡು ಸಿಂದಗಿಗೆ ಬಂದು, ಕಂಡವರ ಹೊಲದಲ್ಲಿ ದುಡಿದು, ಸಾಯುವ ತನಕ ಹಣೆಯ ಕುಂಕುಮ ಅಳಿಸದೆ ಬದುಕಿದಳು. ಬರುವವನಿಲ್ಲ ಎಂದು ಅವಳಿಗೆ ಗೊತ್ತಿತ್ತು. "ನಿಮ್ಮಜ್ಜ ಕೊರಳಾಗ ತುಳಸಿಮಣಿ ಹಾಕಿದಾಂವ. ಪಂಢರಪುರಕ್ಕ ನಡಕೊಂಡು ಹೋಗತಿದ್ದ. ಸೆರಿ ಹನಿ ಮುಟ್ಟತಿದ್ದಿಲ್ಲ," ಎಂದು ಮೊಮ್ಮಗಳಿಗೆ ಹೇಳುತ್ತಿದ್ದಳು. ಆದರೆ ಆಕೆ ಕಂಡವಳಲ್ಲ. ದಂಡೆಯ ಮೇಲೂ ಇಲ್ಲದ ಹೆಂಡತಿಯ ಮಾತನ್ನು ಯಾರು ಸಾಕ್ಷಿ ಎನ್ನುತ್ತಾರೆ?

ಈಗ ಇಂಡಿ ತಾಲೂಕಿನ ಊರೂರಿನ ಚರಿತ್ರೆ ಎಂಬ ದಪ್ಪ ಪುಸ್ತಕವೊಂದು ಅಚ್ಚಿಗೆ ಹೊರಟಿತ್ತು. ಅದರ ಸಂಪಾದಕರು ಸುವರ್ಣಾಳಿಗೆ ಇತಿಹಾಸ ಕಲಿಸಿದ ನಿವೃತ್ತ ಪ್ರಾಚಾರ್ಯ ಸಿದ್ಧರಾಮ ಸರ್. ಗಡ್ಡಿವಾಡದ ಪುಟದಲ್ಲಿ ಒಂದು ಸಾಲು ಹೀಗಿತ್ತು: 'ಮದ್ಯಪಾನ ಮಾಡಿದ್ದ ಅಂಬಿಗ ರೇವಣಪ್ಪನು ಪ್ರಯಾಣಿಕರನ್ನು ತೊರೆದು ಪರಾರಿಯಾದನು.' ನಾಟಕದಲ್ಲಿ ಇರುವವರೆಗೆ ಅದು ಊರವರ ಚೇಷ್ಟೆ. ಪುಸ್ತಕಕ್ಕೆ ಬಂತೆಂದರೆ ಚರಿತ್ರೆ. ಅವಳು ಹೋಗಿ ಕೈಮುಗಿದು ಕೇಳಿದಾಗ ಸರ್ ಹೇಳಿದ್ದು ಅವಳೇ ವರ್ಷವರ್ಷ ಹೇಳುವ ಮಾತನ್ನೇ. "ಕೇಳಿದವರ ಮಾತು ಬ್ಯಾಡವಾ. ಕಂಡವರ ಮಾತು ತಗೊಂಡು ಬಾ. ಆ ಸಾಲು ನನ್ನ ಕೈಯಾರೆ ಹೊಡದು ಹಾಕ್ತೇನಿ."

ಅದಕ್ಕೇ ಈ ಪಡಸಾಲೆ, ಈ ಮೊಬೈಲು. ತಾನು ಯಾರ ಮೊಮ್ಮಗಳೆಂದು ಸುವರ್ಣಾ ಹೇಳಿರಲಿಲ್ಲ. ಹೇಳಿದರೆ ಮಾತು ತನ್ನ ಕಡೆಗೆ ವಾಲೀತು ಎಂದು ಕಾಲೇಜಿನಿಂದ ಬಂದಿದ್ದೇನೆ ಎಂದಷ್ಟೇ ಹೇಳಿದ್ದಳು.

ಸಾವಂತ್ರವ್ವ ಚೆನ್ನಾಗಿಯೇ ಶುರು ಮಾಡಿದಳು. "ಆಗ ನಾ ಪರಕಾರ ಉಡೂ ಹುಡುಗಿ. ನಮ್ಮಕ್ಕನ ಜೋಡಿ ಹೊಂಟಿದ್ದೆ. ನನ್ನ ಮಡಿಲಾಗ ಅರಬ್ಯಾಗ ಕಟ್ಟಿದ ಅಳ್ಳಿಟ್ಟಿನ ಉಂಡಿ. ಮುಟ್ಟಬ್ಯಾಡ ಅಂತ ಅಕ್ಕ ಹೇಳಿದ್ಲು. ಆಕಿ ಅತ್ತಾಗ ಹೊಳ್ಳಿದ ಕೂಡಲೆ ಒಂದೊಂದ ಚೂರ ಮುರದು ಬಾಯಿಗಿ ಹಾಕ್ಕೊಳ್ಳಾಕತ್ತಿದ್ದೆ."

ಸುವರ್ಣಾ ಮೊಬೈಲನ್ನು ಅವಳ ಹತ್ತಿರಕ್ಕೆ ಸರಿಸಿದಳು. ನಾಟಕದಲ್ಲಿ ಉಂಡೆ ಇಲ್ಲ. ಕದ್ದು ಉಂಡೆ ತಿನ್ನುವ ಹುಡುಗಿಯೂ ಇಲ್ಲ. ಇದು ಕಂಡವಳ ಮಾತು, ಅಚ್ಚ ಚಿನ್ನ.

"ಹೊಳಿ ಹೆಂಗಿತ್ತ್ರಿ?"

"ಕೆಂಪಗಿತ್ತವಾ. ಸೆಳವು ಬಾಳ. ಗಿಡದ ಬೊಡ್ಡಿ ತೇಲಿ ಬರಾಕತ್ತಿದ್ದುವು."

"ಮುಂದ?"

"ಮುಂದೇನು, ಆ ಅಂಬಿಗ ಬಂದ." ಸಾವಂತ್ರವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ದನಿ ಒಮ್ಮೆಲೇ ದಪ್ಪವಾಯಿತು. "'ಹೊಳಿ ತುಂಬ ನೀರು, ಹೊಟ್ಟಿ ತುಂಬ ಸೆರಿ, ಯಾವುದು ಹೆಚ್ಚಂತ ಇವತ್ತ ನೋಡೂನು ಬರ್ರಿ!' ಅನಕೋತ, ಬಲಗೈಯಾಗ ಬಾಟ್ಲಿ ಹಿಡಕೊಂಡು, ಮುಂದೊಂದ ಹೆಜ್ಜಿ ಹಿಂದೆರಡ ಹೆಜ್ಜಿ ಇಟಗೋತ ಬಂದ ನೋಡು..."

ಪಡಸಾಲೆಯ ಮೂಲೆಯಲ್ಲಿ ತೊಗರಿ ಕೇರುತ್ತಿದ್ದ ಸೊಸೆ ರಾಜಶ್ರೀ ಮೊರ ನಿಲ್ಲಿಸಿ ನಕ್ಕಳು. "ನಮ್ಮತ್ತಿಯವರು ನಾಟಕದಾಗ ಇದ್ದಂಗನ ಹೇಳ್ತಾರ ನೋಡ್ರಿ. ಒಂದ ಅಕ್ಷರಾ ತಪ್ಪಂಗಿಲ್ಲ."

"ಅಮ್ಮಾ, ನಾಟಕ ಒಂದೀಟ ಬಿಡ್ರಿ," ಎಂದಳು ಸುವರ್ಣಾ. "ಆ ದಿನ ನೀವು ನೋಡಿದ್ದಷ್ಟ ಹೇಳ್ರಿ."

"ಅದನ್ನ ಹೇಳಾಕತ್ತೇನಲ್ಲವಾ? ಕಣ್ಣಾರೆ ಕಂಡೇನಿ. ನಾವ ನಡುಹೊಳಿಗಿ ಹೋತು. ಆಂವ ಹುಟ್ಟ ಕೈಬಿಟ್ಟ. ನಾವ ಹಿಂಗ ವಾಲ್ತು. ಅಕ್ಕ ನನ್ನ ಕೈ ಹಿಡದು ಚೀರಿದ್ಲು. ಆವಾಗ ಪೇಟಿ ನುಡೀತು ನೋಡು..."

"ಯಾವ ಪೇಟಿ ಅಮ್ಮಾ?"

"ಹಾರ್ಮುನಿ ಪೇಟಿ. ದುಃಖದ್ದು ಬಾರಸ್ತಾರಲ್ಲ, ಅದು." ಸಾವಂತ್ರವ್ವ ಅಲ್ಲಿಗೇ ತಡೆದಳು. ಏನೋ ತಪ್ಪಿತೆಂದು ಅವಳಿಗೂ ಅನಿಸಿರಬೇಕು. "ಹೊಳ್ಯಾಗ ಪೇಟಿ ಎಲ್ಲಿಂದ ಬರಬೇಕು?" ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ತಲೆಯಾಡಿಸಿ, "ಆದರ ನಾ ಕೇಳೇನವಾ. ಪೇಟಿ ನುಡೀತು. ಆಮ್ಯಾಲ ಅಕ್ಕ ಹೋದ್ಲು," ಎಂದಳು.

ರಾಜಶ್ರೀ ಚಹಾ ತಂದಿಟ್ಟು ಹೆಮ್ಮೆಯಿಂದ ಹೇಳಿದಳು. ಎಲ್ಲಿ ಆ ನಾಟಕವಾದರೂ ಅತ್ತೆಗೆ ಜೀಪು ಕಳಿಸುತ್ತಾರಂತೆ. ಮುಂದಿನ ಸಾಲಿನಲ್ಲಿ ಕೂರಿಸಿ, ಕೊನೆಗೆ 'ಬದುಕಿ ಬಂದಾಕಿ' ಎಂದು ರಂಗಕ್ಕೆ ಕರೆದು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸುತ್ತಾರಂತೆ. ಅತ್ತೆಯ ಮದುವೆಗೆ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಒಂದು ವರ್ಷವೂ ತಪ್ಪಿಲ್ಲ.

ಸುವರ್ಣಾ ಚಹಾ ಮುಟ್ಟಲಿಲ್ಲ. ಹುಡುಗಿಯೊಬ್ಬಳು ಹೊಳೆಯಲ್ಲಿ ಕಂಡದ್ದು ಒಂದೇ ಸಲ, ಅದೂ ಕಣ್ಣುಮೂಗಿಗೆಲ್ಲ ನೀರು ನುಗ್ಗುತ್ತಿದ್ದಾಗ. ಮುಂದಿನ ಸಾಲಿನಲ್ಲಿ ಕುಳಿತು, ಝಗಮಗ ಬೆಳಕಿನಲ್ಲಿ ಕಂಡದ್ದು ಜೀವಮಾನವಿಡೀ. ಆ ಒಂದು ಸಲದ್ದು 'ಉಳಿ' ಎಂದರೆ ಎಲ್ಲಿ ಉಳಿದೀತು? ಇದನ್ನು ಯಾವ ಪುಸ್ತಕದಲ್ಲೂ ಅವಳು ಓದಿರಲಿಲ್ಲ. ಕಂಡವರು ಕಂಡವರೇ ಆಗಿ ಉಳಿಯುತ್ತಾರೆ ಎಂದೇ ಮಕ್ಕಳಿಗೆ ಬರೆಸಿದ್ದಳು.

ಆದರೂ ಆಸೆ ಬಿಡಲಿಲ್ಲ. ನಾಟಕದಲ್ಲಿ ಇರಲಾರದ್ದನ್ನು ಕೇಳಬೇಕು ಎಂದುಕೊಂಡಳು. ಮೈಗೆ ತಗುಲಿದ್ದು, ಮೂಗಿಗೆ ಬಡಿದದ್ದು.

"ಅಮ್ಮಾ, ಕಣ್ಣ ಮುಚ್ಚಿಕೊಳ್ರಿ. ನೀರಾಗ ಬಿದ್ರಿ. ಬಾಯಾಗ ಏನ ಬಂತು?"

ಸಾವಂತ್ರವ್ವ ಕಣ್ಣು ಮುಚ್ಚಿದಳು. ಆಮೇಲೆ ಅವಳ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು. ಮಾತಾಡಿದಾಗ ಆ ದಪ್ಪ ದನಿ ಇರಲಿಲ್ಲ. "ಮಣಿ," ಎಂದಳು. "ಬಾಯಾಗ ಮಣಿ ಇದ್ದುವು. ಯಾರೋ ನನ್ನ ಎದಿಗಿ ಅವಚಿಕೊಂಡಿದ್ದರು. ನಾ ಅವರ ಕೊರಳಾಗಿನ ಮಣಿ ಕಚ್ಚಿ ಹಿಡದಿದ್ದೆ. ಕಟಗೀ ಮಣಿ. ಕೆಸರ ಕೆಸರ ಹತ್ತತಿದ್ದುವು..."

ಇಲ್ಲಿ ಸುವರ್ಣಾ ಸುಮ್ಮನಿರಬೇಕಾಗಿತ್ತು. ಉಗುರಿನಿಂದ ತೊಡೆ ಚಿವುಟಿಕೊಂಡಾದರೂ ಸುಮ್ಮನಿರಬೇಕಾಗಿತ್ತು. ಹಾಗೆಂದು ಮಕ್ಕಳಿಗೆ ಹೇಳಿದವಳೇ ಅವಳು. ಆದರೆ ಎದುರಿಗೆ ಅಜ್ಜನ ಕೊರಳೇ ಬಂದು ನಿಂತಂತಾದಾಗ ಯಾವ ಮೊಮ್ಮಗಳು ಸುಮ್ಮನಿರುತ್ತಾಳೆ?

"ತುಳಸಿಮಣಿ ಏನ್ರಿ ಅಮ್ಮಾ? ಅಂಬಿಗರ ರೇವಣಪ್ಪ ಹಾಕ್ಕೊಂಡಿದ್ದನಲ್ರಿ, ಆ ತುಳಸಿಮಣೀನಾ?"

ಸಾವಂತ್ರವ್ವ ಕಣ್ಣು ತೆರೆದಳು. ಸುವರ್ಣಾಳ ನಡುಗುವ ಗದ್ದವನ್ನೂ ತುಂಬಿದ ಕಣ್ಣನ್ನೂ ನೋಡಿದಳು.

"ನೀ ಅವನ ಪೈಕೀನಾ, ತಂಗೀ?"

"ಮೊಮ್ಮಗಳ್ರಿ."

ಮುದುಕಿಯ ಮುಖ ಕರಗಿಹೋಯಿತು. ಇಷ್ಟು ಹೊತ್ತು ಈ ಹುಡುಗಿಯ ಮುಂದೆ ಅವಳ ಅಜ್ಜನನ್ನು ಕುಡುಕ ಎಂದೆನಲ್ಲ ಎಂಬ ನಾಚಿಕೆ, ಪಾಪ ಎಂಬ ಅಂತಃಕರಣ ಎರಡೂ ಸೇರಿ ಅವಳು ಸುವರ್ಣಾಳ ಕೈ ಹಿಡಿದುಕೊಂಡಳು. "ಹೌದವಾ. ತುಳಸಿಮಣಿ. ಅವನ ನನ್ನ ಎತ್ತಿದಾಂವ."

"ಹಂಗಾರ ಓಡಿ ಹೋಗಲಿಲ್ಲ?"

"ಎಲ್ಲಿ ಓಡಿ ಹೋಗ್ಯಾನವಾ? ನನ್ನ ದಂಡಿಗಿ ಒಗದು ಅಲ್ಲೇ ಹೋದ, ನನ್ನಪ್ಪ."

"ಕುಡದಿದ್ದಿಲ್ಲ?"

"ಹನಿ ಮುಟ್ಟತಿದ್ದಿಲ್ಲ."

ಇಷ್ಟು ಸಲೀಸಾಗಿ? ಸುವರ್ಣಾಳಿಗೆ ಒಂದು ಹೆದರಿಕೆ ಹುಟ್ಟಿತು. ಅದನ್ನು ಹಾಗೇ ಬಿಟ್ಟು ಎದ್ದುಬಂದಿದ್ದರೂ ಆಗುತ್ತಿತ್ತು. ಆದರೆ ಕಲಿತ ಬುದ್ಧಿ ಬಿಡಬೇಕಲ್ಲ. ಯಾರೂ ಎಂದೂ ಹೇಳದ, ತಾನು ಅದೇ ಕ್ಷಣ ಹುಟ್ಟಿಸಿದ ಸುಳ್ಳೊಂದನ್ನು ಮೆಲ್ಲಗೆ ಮುಂದಿಟ್ಟಳು. "ತಲಿಗೆ ಕೆಂಪು ರುಮಾಲ ಸುತ್ತಿದ್ದನಲ್ರಿ ಅಮ್ಮಾ ಅವತ್ತ?"

"ಸುತ್ತಿದ್ದವಾ," ಎಂದಳು ಸಾವಂತ್ರವ್ವ, ಅವಳ ಕೈ ಸವರುತ್ತ. "ಕೆಂಪು ರುಮಾಲ. ನಾನ ಕಣ್ಣಾರೆ ಕಂಡೇನಿ."

ಸುವರ್ಣಾ ಕೈ ಚಾಚಿ ಮೊಬೈಲು ಬಂದ್ ಮಾಡಿದಳು. ಮುದುಕಿ ಅವಳಿಗೆ ಉಡಿ ತುಂಬಿ ಕಳಿಸಿದಳು. "ನಿನಗ ಬೇಕಾದ್ದು ಸಿಕ್ತಿಲ್ಲವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಸುವರ್ಣಾ ಸಿಕ್ಕಿತೆಂದಳು.

ಮರುದಿನ ಇಂಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಿದಳು. ಕತ್ತರಿಸುವುದು ಕಷ್ಟವೇನಲ್ಲ, ಕಾಲೇಜಿನ ಹುಡುಗರು ರೀಲ್ಸಿಗೆ ದಿನಾ ಅದನ್ನೇ ಮಾಡುತ್ತಾರೆ. ತನ್ನ ಪ್ರಶ್ನೆ, ಮೊಮ್ಮಗಳೆಂಬ ಮಾತು, ಕೊನೆಯ ರುಮಾಲು ಇಷ್ಟು ತೆಗೆದರೆ ಸಾಕು. 'ಕಟಗೀ ಮಣಿ' ಆದ ಮೇಲೆ ನೇರ 'ತುಳಸಿಮಣಿ, ಅವನ ನನ್ನ ಎತ್ತಿದಾಂವ'. ಅಂಥ ಸಾಕ್ಷಿಯ ಮುಂದೆ ಯಾರು ಉಸಿರೆತ್ತುತ್ತಾರೆ? ನಡುದಾರಿಯ ತಾಂಬಾ ಊರು ದಾಟುವವರೆಗೂ ಬೆರಳು ಅಲ್ಲೇ ಆಡಿತು. ಆದರೆ ಆಗಲಿಲ್ಲ. ದೊಡ್ಡ ಗುಣವೇನಲ್ಲ ಅದು, ಕೈಗೆ ಅಭ್ಯಾಸವಿರಲಿಲ್ಲ ಅಷ್ಟೇ.

ಸಿದ್ಧರಾಮ ಸರ್ ಪಡಸಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಿದರು. ಪೇಟಿಯ ಮಾತಿಗೆ ಹುಬ್ಬು ಅಲುಗಿತು. ಮಣಿಯ ಮಾತು ಬಂದಾಗ ಕಣ್ಣು ತೆರೆದು ಮುಂದಕ್ಕೆ ಬಾಗಿದರು. ಸುವರ್ಣಾಳ ಪ್ರಶ್ನೆ ಬಂದದ್ದೇ ಮತ್ತೆ ಕಣ್ಣು ಮುಚ್ಚಿದರು. ರುಮಾಲಿನ ತನಕ ತಡೆದು ಕೇಳಿ ನಿಟ್ಟುಸಿರು ಬಿಟ್ಟರು.

"ಮಣಿ ಅನ್ನೂ ತನಕ ಆಕಿ ಮಾತು. ಅಲ್ಲಿಂದ ಮುಂದ ನಿನ್ನ ಮಾತು," ಎಂದರು.

"ಆ ಮಣಿ ಮಾತೊಂದ ಸಾಕಾಗಂಗಿಲ್ಲೇನ್ರಿ ಸರ್?"

"ಯಾರ ಮಣಿ? ಆ ಕಾಲಕ್ಕ ಹೊಳಿಸಾಲಿನ್ಯಾಗ ಮಣಿ ಹಾಕದ ಗಂಡಸು ಯಾರಿದ್ದ? ದಂಡಿ ಮ್ಯಾಲಿಂದ ಜಿಗದಾಂವ ಯಾವನೋ ಇರಬಹುದು. ನಿಮ್ಮಜ್ಜನೂ ಇರಬಹುದು. ನೀ ಇನ್ನೊಂದ ಈಟ ತಡದಿದ್ದರ ಆಕೀನ ಹೇಳತಿದ್ಲೇನೋ. ಇನ್ನ ಹೋಗಿ ಕೇಳಿದರ ನೀ ಹೇಳಿಕೊಟ್ಟಿದ್ದ ಹೇಳ್ತಾಳ, ರುಮಾಲ ಸೈತ."

ಸುವರ್ಣಾಳಿಗೆ ಸಿಟ್ಟು ಬಂತು. "ಓಡಿಹೋದ ಅನ್ನಾಕ ನಿಮ್ಮ ಕಡೆ ಏನೈತ್ರಿ? ಆ ನಾಟಕ ಒಂದಲ್ಲೇನು?"

"ನಾಟಕ ನೋಡಿ ಒಬ್ಬಾಂವ ಪೇಪರಿಗೆ ಬರದ. ಪೇಪರ ನೋಡಿ ಇನ್ನೊಬ್ಬಾಂವ ಸ್ಮರಣ ಸಂಚಿಕೆಗೆ ಬರದ. ಅದನ್ನ ನೋಡಿ ಮತ್ತೊಬ್ಬಾಂವ ಭಾಷಣ ಮಾಡಿದ. ಎಲ್ಲಾ ಆ ಒಂದ ನಾಟಕದ್ದ ಸಂತಾನ ಅಂತ ನನಗೂ ಗೊತ್ತೈತಿ. ಆದರ ಸಮಿತಿಯವರು ಎಷ್ಟ ಮಂದಿ ಬರದಾರ ಅಂತ ಎಣಸ್ತಾರ, ಯಾಂವ ಕಂಡು ಬರದಾನ ಅಂತ ಕೇಳಂಗಿಲ್ಲ." ಅವರು ಕನ್ನಡಕ ಒರೆಸಿಕೊಂಡರು. "'ಪರಾರಿಯಾದನು' ಅಂಬಲ್ಲಿ 'ಪರಾರಿಯಾದನೆಂದು ಹೇಳಲಾಗುತ್ತದೆ' ಅಂತ ಮಾಡ್ತೇನಿ. ಅಷ್ಟ ನನ್ನ ಕೈಲಾಗೂದು, ಸುವರ್ಣಾ."

ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು. "ಆ ಪ್ರಶ್ನಿ ಕತ್ತರಿಸಿ ತಂದಿದ್ದರ ನನಗ ಗೊತ್ತಾಗತಿದ್ದಿಲ್ಲ. ಯಾಕ ಕತ್ತರಿಸಲಿಲ್ಲ?"

ಅವಳು ಚಪ್ಪಲಿ ಮೆಟ್ಟಿಕೊಂಡು ಬಂದಳು. ಹೇಳಲಾಗುತ್ತದೆ! ಅಜ್ಜಿಯ ಜೀವಮಾನಕ್ಕೆ ಸಿಕ್ಕ ಪರಿಹಾರ ಅದೊಂದು ಪದ. ದಾರಿಯುದ್ದಕ್ಕೂ ಅವಳಿಗೆ ಅಳು ಬರಲಿಲ್ಲ, ನಾಚಿಕೆ ಬಂತು. ಕೈಗೆ ಸಿಕ್ಕಿದ್ದ ಒಂದೇ ಒಂದು ನಿಜವನ್ನು ತಾನೇ ಬಾಯಿ ಹಾಕಿ ಕೆಡಿಸಿದ್ದಳು. ರಾವಸಾಬ ಮಾಸ್ತರ ಬೇರೇನು ಮಾಡಿದ್ದ?

ಅವಳ ಅಪ್ಪ ಕಾಂತಪ್ಪ ಮೋಟಾರು ವೈಂಡಿಂಗ್ ಅಂಗಡಿ ಮುಚ್ಚಿಕೊಂಡು ಬಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಅರವತ್ತು ದಾಟಿದ ಮನುಷ್ಯ. ಚಿಕ್ಕಂದಿನಲ್ಲಿ ಯಾರೋ ನಗುತ್ತ ಎಳೆದುಕೊಂಡು ಹೋಗಿ ಆ ನಾಟಕದ ಮುಂದೆ ಕೂರಿಸಿದ್ದರು. ಅಂದಿನಿಂದ ಅವನು ಹೊಳೆಯ ದಿಕ್ಕಿಗೆ ಕಾಲಿಟ್ಟವನಲ್ಲ. ಮಗಳ ಹುಡುಕಾಟಕ್ಕೆ, ಸುಮ್ಮನೆ ಹುಣ್ಣು ಕೆರೆಯಬೇಡ ಎಂದು ಬೈದವನೇ ಅವನು. ಈಗ ಅವಳು ಕಾಲು ತೊಳೆಯುವಷ್ಟು ಹೊತ್ತೂ ತಡೆಯಲಿಲ್ಲ.

"ಏನಂದ್ಲು ಆ ಮುದುಕಿ?"

ಎಲ್ಲ ಹೇಳಬೇಕೆಂದೇ ಅವಳು ಬಂದದ್ದು. ಪೇಟಿ, ರುಮಾಲು, ಸರ್ ಅಂದದ್ದು, ಎಲ್ಲ. ಆದರೆ ಅಪ್ಪ ವಾರ್ನಿಷ್ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಶಾಲೆಯ ಮಗುವಿನಂತೆ ಮೊಣಕಾಲು ಜೋಡಿಸಿ ಕುಳಿತುಬಿಟ್ಟಿದ್ದ. ಸುವರ್ಣಾ ಮೊಬೈಲು ತೆಗೆದಳು. ಬೆರಳಿನಿಂದ ಧ್ವನಿಯ ಗೆರೆಯನ್ನು ಮುಂದೆ ಮುಂದೆ ಸರಿಸಿದಳು. ಬಾಟಲಿ ದಾಟಿತು, ಪೇಟಿ ದಾಟಿತು, ಅವಳ ಪ್ರಶ್ನೆಯೂ ದಾಟಿತು. ಅಲ್ಲಿ ಬೆರಳು ಬಿಟ್ಟಳು.

"ಹೌದವಾ. ತುಳಸಿಮಣಿ. ಅವನ ನನ್ನ ಎತ್ತಿದಾಂವ," ಎಂದಿತು ಸಾವಂತ್ರವ್ವನ ದನಿ. "ನನ್ನ ದಂಡಿಗಿ ಒಗದು ಅಲ್ಲೇ ಹೋದ, ನನ್ನಪ್ಪ."

ರುಮಾಲು ಬರುವ ಮೊದಲೇ ನಿಲ್ಲಿಸಿದಳು.

"ಇನ್ನೊಮ್ಮಿ ಹಚ್ಚು," ಎಂದ ಕಾಂತಪ್ಪ. ಮತ್ತೆ ಅಲ್ಲಿಂದಲೇ ಹಚ್ಚಿದಳು. "ಅವ್ವ ಇದ್ದಾಗ ಇದು ಸಿಕ್ಕಿದ್ದರ, ಬಳಿ ಒಡಕೊಂಡು ಒಮ್ಮಿ ಅತ್ತು ಹಗುರಾಗತಿದ್ಲು," ಎನ್ನುತ್ತ ಅವನು ತಾನೇ ಅತ್ತ. ಅಪ್ಪ ಅಷ್ಟು ಅತ್ತದ್ದನ್ನು ಅವಳು ನೋಡಿರಲಿಲ್ಲ. ಪೇಟಿ, ರುಮಾಲಿನ ಮಾತನ್ನು ಅವಳು ಎತ್ತಲೇ ಇಲ್ಲ. ಸರ್ ಮುಂದೆ ಮಾಡಲಾಗದ್ದನ್ನು ಅಪ್ಪನ ಮುಂದೆ ಎಷ್ಟು ಸುಲಭವಾಗಿ ಮಾಡಿದೆ ಎಂದು ಅವಳಿಗೆ ತನ್ನ ಮೇಲೆ ಹೇಸಿಕೆ ಹುಟ್ಟಿತು.

ಮಹಾಲಯ ಅಮಾವಾಸ್ಯೆಗೆ ಕಾಂತಪ್ಪ ಅಪ್ಪನ ದಿನ ಮಾಡಲು ಹೊರಟ. ಮೀಸೆ ಬೋಳಿಸಿಕೊಂಡು, ಬಿಳಿ ಧೋತರ ಉಟ್ಟು, ಗಡ್ಡಿವಾಡದ ಹಳೆಯ ನಾವೆಗಟ್ಟೆಗೆ ಬಂದು ನಿಂತ. ಹೊಳೆಗೆ ಸೇತುವೆಯಾದ ಮೇಲೆ ಆ ಕಡೆ ಯಾರೂ ಬರುವುದಿಲ್ಲ. ಬ್ಯಾರೇಜು ಕಟ್ಟಿದ ಮೇಲೆ ನೀರೂ ಹರಿಯುವುದಿಲ್ಲ, ನಿಂತಿರುತ್ತದೆ. ಹೆಣ ಸಿಗದವರಿಗೆ ಹಿಟ್ಟಿನ ಗೊಂಬೆ ಮಾಡಿ ಹೊಳೆಗೆ ಬಿಡಬೇಕೆಂದು ಅಯ್ಯನವರು ಹೇಳಿದರು. ಕಾಂತಪ್ಪ ಗೋದಿಹಿಟ್ಟು ನಾದಿ ತಾನೇ ಗೊಂಬೆ ಮಾಡಿದ. ಅಪ್ಪನ ಮುಖ ಅವನಿಗೆ ನೆನಪಿರಲಿಲ್ಲ. ಮೂಗು, ಕಣ್ಣು ತಿದ್ದಿ ತಿದ್ದಿ ಕೊನೆಗೆ ತನ್ನ ಮುಖದಂತೆಯೇ ಮಾಡಿದ.

ಸುದ್ದಿ ತಿಳಿದು ಊರಿನ ನಾಲ್ಕು ಜನ ಬಂದಿದ್ದರು. ಕುರಿ ಬಿಟ್ಟುಕೊಂಡು ಬಂದ ಮುದುಕ ಅಮಸಿದ್ದ ಬಡಿಗೆಗೆ ಗದ್ದ ಊರಿ ಕೇಳಿದ. "ಕಾಂತೂ, ಇಷ್ಟ ವರ್ಷ ಬಿಟ್ಟು ಈಗ ಯಾಕಪಾ?"

"ಈಗ ಗೊತ್ತಾತು ಕಾಕಾ," ಎಂದು ಕಾಂತಪ್ಪ ಶುರು ಮಾಡಿದ. ನಮ್ಮಪ್ಪ ಓಡಿಹೋಗಲಿಲ್ಲ, ಸಾವಂತ್ರವ್ವನನ್ನು ಎದೆಗೆ ಅವಚಿಕೊಂಡು ಈಜಿದ ಎಂದ. ಅಲ್ಲಿಯವರೆಗೆ ಸರಿ ಇತ್ತು. ಆಮೇಲೆ ದನಿ ಏರಿತು, ಎಡಗೈ ತಾನಾಗಿ ಮೇಲೆದ್ದಿತು. "ಸೆಳವು ಕಾಲ ಹಿಡದು ಜಗ್ಗಾಕತ್ತಿತ್ತು. ಆವಾಗ ನಮ್ಮಪ್ಪ ಏನಂದ ಗೊತ್ತೇನು? 'ಹೊಳಿಯವ್ವಾ, ಬೇಕಂದರ ನನ್ನ ಒಯ್ಯಿ, ಈ ಕೂಸಿನ್ನ ಬಿಡು!' ಅಂದ."

ಆ ಮಾತು ಮೊಬೈಲಿನಲ್ಲಿ ಇರಲಿಲ್ಲ. ನಾಟಕದಲ್ಲಿತ್ತು, ನೀರಿಗೆ ಹಾರುವ ಮುಂಚೆ ಗೌಡರ ಮಗ ಕೈ ಎತ್ತಿ ಹೇಳುವ ಮಾತು ಅದು. ಚಿಕ್ಕಂದಿನಲ್ಲಿ ಒಂದೇ ಒಂದು ಸಲ ಅಳುತ್ತ ನೋಡಿದ ನಾಟಕವನ್ನು ಅಪ್ಪ ಮಾತು ಬಿಡದೆ ಇಟ್ಟುಕೊಂಡಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಮುಖದಲ್ಲಿ ಅಂಥ ಬೆಳಕಿತ್ತು. ಜನ ಬಾಯಿಬಿಟ್ಟು ಕೇಳುತ್ತಿದ್ದರು, ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಮಸಿದ್ದ ಮಾತ್ರ ಪೂರಾ ನಂಬಲಿಲ್ಲ. ಕುರಿ ಕಾಯ್ದ ಕಣ್ಣು ಕಿರಿದು ಮಾಡಿ ಸುವರ್ಣಾಳ ಕಡೆಗೆ ತಿರುಗಿದ. "ಹೌದೇನವಾ? ನೀ ಕಾಲೇಜಿನ್ಯಾಗ ಇದನ್ನ ಕಲಸಾಕಿ ಅಂತಾರ. ಕಂಡಾಕೀ ಬಾಯಿಲೆನ ಕೇಳಿ ಬಂದೀಯಂತ. ಹೌದೇನು ಇದು?"

ಎಲ್ಲರೂ ಅವಳ ಕಡೆಗೆ ನೋಡಿದರು. ಅಪ್ಪನೂ ನೋಡಿದ. ಅವನ ಬೋಳಿಸಿದ ಮೇಲ್ದುಟಿ ಚಿಕ್ಕ ಹುಡುಗನದರಂತೆ ಕಂಡಿತು.

"ಹೌದ್ರಿ," ಎಂದಳು ಸುವರ್ಣಾ.

ಅಮಸಿದ್ದ ತಲೆಗೆ ಸುತ್ತಿದ ಪಟಗಾ ತೆಗೆದು ಹೊಳೆಗೆ ಕೈಮುಗಿದ. ಕಾಂತಪ್ಪ ಮೊಣಕಾಲುದ್ದ ನೀರಿಗೆ ಇಳಿದು ಗೊಂಬೆಯನ್ನು ಬಿಟ್ಟು, ತಿರುಗಿ ನೋಡಬಾರದೆಂದು ಅಯ್ಯನವರು ಹೇಳಿದಂತೆ ಹಾಗೇ ದಂಡೆ ಹತ್ತಿ ನಡೆದ. ಜನವೂ ಅವನ ಹಿಂದೆ ಹೋದರು. ಸುವರ್ಣಾ ಹಿಂದೆ ಉಳಿದಳು. ಗೊಂಬೆ ಎಲ್ಲಿಗೂ ತೇಲಿ ಹೋಗಲಿಲ್ಲ. ಬಿಟ್ಟಲ್ಲೇ, ನಿಂತ ನೀರಿನಲ್ಲಿ ಮೇಲ್ಮುಖವಾಗಿ ಮಲಗಿತ್ತು. ಎಲ್ಲಿಂದಲೋ ಸಣ್ಣ ಮೀನುಗಳು ಬಂದು ಸುತ್ತುಗಟ್ಟಿದವು, ಮೊದಲು ಮುಖವನ್ನು ತಿನ್ನತೊಡಗಿದವು.